ಕಂಡಕ್ಟರ್ ನಿದ್ದೆಯಲ್ಲಿದ್ದಾಗ

ಲವಂಗದಕ್ಕ ಬಸ್ಸು ಹತ್ತಿದರೆ ಅಕ್ಕಪಕ್ಕ ಕೂತವರು ತಮಗೇ ತಿಳಿಯದೆ ನಾಲಿಗೆಯ ತುದಿಯಿಂದ ದವಡೆಹಲ್ಲನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅವರ ಕೈಯಿಂದ ಬರುತ್ತಿದ್ದ ಲವಂಗದ ಎಣ್ಣೆಯ ವಾಸನೆ ಅಂಥದು. ಯಾವ ಸೋಪಿಗೂ ಜಗ್ಗದ ವಾಸನೆ. ಆದರೆ ಆ ಎಣ್ಣೆಗೂ ಯಾರ ಹಲ್ಲಿಗೂ ಸಂಬಂಧವಿರಲಿಲ್ಲ. ಗಾಜಿನ ತೊಟ್ಟಿಯಲ್ಲಿ ಸಾಕುವ ಬಣ್ಣದ ಮೀನುಗಳ ಗಾಯಕ್ಕೆ ಹೊಲಿಗೆ ಹಾಕುವುದಿದ್ದರೆ, ಗಂಟು ತೆಗೆಯುವುದಿದ್ದರೆ, ಮೊದಲು ಅವಕ್ಕೆ ನೋವು ತಿಳಿಯದ ಹಾಗೆ ನಿದ್ದೆ ಬರಿಸಬೇಕಲ್ಲ, ಅದು ಅವರ ಕೆಲಸ.

ಹುಟ್ಟಾ ಅವರೇನು ಮೀನಿನವರಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ದೊಡ್ಡಾಸ್ಪತ್ರೆಯ ಆಪರೇಷನ್ ಥಿಯೇಟರಿಗೆ ನೆಲ ಒರೆಸಲು ಸೇರಿದರು. ಅಲ್ಲಿ ಅರಿವಳಿಕೆ ಕೊಡುವ ಡಾಕ್ಟರು ವಯಸ್ಸಾದ, ಮಾತು ಕಡಿಮೆಯ ಹೆಂಗಸು. ಈ ಹುಡುಗಿಯ ಒರೆಸುವ ಕೋಲು ಒಂದು ದಿನವೂ ಬಕೆಟ್ಟಿಗೆ ತಗುಲಿ ಸದ್ದು ಮಾಡಿದ್ದಿಲ್ಲ ಎಂಬುದನ್ನು ಆಕೆ ಗಮನಿಸಿದ್ದರು. ಒಂದು ಬೆಳಿಗ್ಗೆ ಕರೆದು ರೋಗಿಯ ತಲೆಯ ಹತ್ತಿರ ಮೂರು ಕಾಲಿನ ಸ್ಟೂಲು ಹಾಕಿ ಕೂರಿಸಿದರು.

“ಎಚ್ಚರ ಆಗ್ತಿದ್ದ ಹಾಗೆ ಮೂರು ಮಾತು ಹೇಳ್ಬೇಕು,” ಅಂದರು. “ನೀನು ಎಲ್ಲಿದ್ದೀಯ, ನಿಂಗೆ ಏನು ಮಾಡಿದ್ರು, ಹೊರಗೆ ಯಾರು ಕಾಯ್ತಿದ್ದಾರೆ. ಮೂರೂ ನಿಜ ಆಗಿರ್ಬೇಕು. ಏನನ್ನೂ ಮುಚ್ಚಿಡಬಾರ್ದು.”

“ಹೊರಗೆ ಯಾರೂ ಇಲ್ಲದೇ ಇದ್ರೆ?”

“ನೀನೇ ಹೋಗಿ ಒಂದು ನಿಮಿಷ ಹೊರಗೆ ನಿಂತು ಬಾ. ಆಮೇಲೆ ಹೇಳು.”

ಮೂವತ್ತೊಂದು ವರ್ಷ ಅವರು ಅದೇ ಸ್ಟೂಲಿನ ಮೇಲೆ ಕೂತು ಅದನ್ನೇ ಹೇಳಿದರು. ಎಷ್ಟೋ ಸಲ ಓಡಿಹೋಗಿ ಹೊರಗೆ ನಿಂತು ಬಂದದ್ದೂ ಉಂಟು. ಅರೆಮತ್ತಿನಲ್ಲಿ ಜನ ಏನೇನೋ ಹೊರಹಾಕುತ್ತಾರಂತೆ. ದೊಡ್ಡ ದೊಡ್ಡವರು ಏನು ಹೇಳಿದರು, ಯಾರ ಹೆಸರು ಹಿಡಿದು ಅತ್ತರು ಎಂಬುದನ್ನೆಲ್ಲ ಇಲ್ಲಿ ಬರೆಯಬಹುದಿತ್ತು. ಬರೆಯಲು ಆಗುತ್ತಿಲ್ಲ, ಏಕೆಂದರೆ ಲವಂಗದಕ್ಕ ಯಾರಿಗೂ ಹೇಳಲಿಲ್ಲ. ಕೇಳಿದರೆ, “ಮತ್ತಿನಲ್ಲಿ ಬಂದಿದ್ದು ಮತ್ತಿನ ಜೊತೆಗೇ ಹೋಯ್ತು,” ಅನ್ನುತ್ತಿದ್ದರು.

ನಿವೃತ್ತರಾದ ಮರುವಾರ ಚಪ್ಪಲಿ ಮರೆತೆ ಎಂಬ ನೆಪದಲ್ಲಿ ಆಸ್ಪತ್ರೆಗೆ ಹೋದರು. ಬಾಗಿಲಿನ ದುಂಡು ಗಾಜಿನಿಂದ ಒಳಗೆ ಇಣುಕಿದಾಗ ಸ್ಟೂಲಿನ ಮೇಲೆ ಬೇರೆ ಯಾರೋ ಹುಡುಗಿ ಕೂತಿದ್ದಳು. ರೋಗಿ ಕಣ್ಣು ಬಿಟ್ಟ, ನಕ್ಕ ಕೂಡ. ಸಪ್ಪೆ ಮುಖದಲ್ಲಿ ಮನೆಗೆ ಬಂದ ಅಕ್ಕನನ್ನು ತಮ್ಮ, “ಏನಾಯ್ತು, ರೋಗಿಗೆ ತೊಂದ್ರೆ ಆಯ್ತಾ?” ಎಂದು ಕೇಳಿದ.

“ಇಲ್ಲ ಕಣೋ. ಚೆನ್ನಾಗೇ ಎದ್ದ,” ಅಂದರು. “ಅದೇ ಬೇಜಾರು.”

ತಮ್ಮನದು ಬಣ್ಣದ ಮೀನಿನ ಅಂಗಡಿ. ಒಬ್ಬರ ಹಿಂದೆ ಒಬ್ಬರು ಮಾತ್ರ ನಡೆಯಬಹುದಾದ ಓಣಿಯಂಥ ಕೋಣೆ. ಎರಡೂ ಕಡೆ ಗಾಜಿನ ತೊಟ್ಟಿಗಳು, ಪಂಪುಗಳ ಗೊರಗೊರ, ಹಿಂದೆ ಒಂದು ಪುಟ್ಟ ಕೋಣೆ. ಅಕ್ಕ ಮನೆಯಲ್ಲಿ ಕೂತು ಗೋಡೆ ನೋಡುವುದು ಬೇಡವೆಂದು ಆತ ಅವರನ್ನು ಅಂಗಡಿಗೆ ಕರೆತಂದ. ಎರಡನೆಯ ವಾರ ಅವರಿಗೆ ಹಲ್ಲುನೋವು ಬಂತು. ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ದವಡೆಯಲ್ಲಿಟ್ಟುಕೊಂಡು ಒಂದು ಗಾಜಿನ ಭರಣಿಯನ್ನು ಬಗ್ಗಿ ನೋಡುತ್ತಿದ್ದಾಗ ಆಕಳಿಕೆ ಬಂತು, ಹತ್ತಿ ಭರಣಿಗೆ ಬಿತ್ತು. ಅದನ್ನು ಚಮಚದಲ್ಲಿ ಹುಡುಕಿ ತೆಗೆಯುವಷ್ಟರಲ್ಲಿ ಒಳಗಿದ್ದ ಆರು ಸಣ್ಣ ಮೀನುಗಳು ಒಂದೊಂದಾಗಿ ಓರೆಯಾಗಿ, ಮಗ್ಗುಲಾಗಿ, ಮದುವೆಮನೆಯ ಜಮಖಾನೆಯ ಮೇಲೆ ಮಲಗಿದವರಂತೆ ಮಲಗಿಬಿಟ್ಟವು.

“ಕೊಂದೆಯಲ್ಲಕ್ಕ,” ಅಂದ ತಮ್ಮ.

“ಸುಮ್ನಿರು. ಉಸಿರಿದೆ.” ಕಿವಿರುಗಳು ಮೆಲ್ಲಗೆ ಆಡುತ್ತಿದ್ದುದನ್ನು ಅವರು ಕಂಡಿದ್ದರು. ಆರನ್ನೂ ಒಳ್ಳೆಯ ನೀರಿಗೆ ಹಾಕಿ, ಬೆರಳಿನಿಂದ ತಳ್ಳಿ ತಳ್ಳಿ ನಡೆಸಿದರು. ಆರೂ ಎದ್ದವು. ಲವಂಗದಕ್ಕ ಒಂದೊಂದಕ್ಕೂ ಹೇಳಿದರು: “ಭರಣಿಯಲ್ಲಿ ಇದ್ದೀಯ. ನನ್ನ ಹತ್ತಿ ಬಿತ್ತು. ಹೊರಗೆ ನನ್ನ ತಮ್ಮ ಕಾಯ್ತಿದ್ದಾನೆ.”

ಆಮೇಲೆ ಪಶುವೈದ್ಯರನ್ನು ಕೇಳಿದಾಗ, ಮೀನಿಗೆ ಲವಂಗದ ಎಣ್ಣೆಯಿಂದ ಮತ್ತು ಬರಿಸುವುದು ಹೊಸದೇನಲ್ಲ, ಅಳತೆ ತಪ್ಪಿದರೆ ಮಾತ್ರ ಶಾಶ್ವತ ನಿದ್ದೆ ಎಂದು ತಿಳಿಯಿತು. ಅವರ ಬಳಿಯೇ ಅಳತೆ ಕಲಿತರು. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲವಾದ್ದರಿಂದ ಸಣ್ಣ ಬಾಟಲಿಯಲ್ಲಿ ಬೆಚ್ಚನೆಯ ನೀರಿನ ಜೊತೆ ಹಾಲಿನಂತೆ ಬೆಳ್ಳಗಾಗುವ ತನಕ ಕುಲುಕಬೇಕು. ಒಮ್ಮೆಗೇ ಸುರಿಯದೆ ಸ್ವಲ್ಪ ಸ್ವಲ್ಪವೇ ಬಿಡುತ್ತ ಕಿವಿರು ನೋಡುತ್ತಿರಬೇಕು. ಕತ್ತರಿ ಹಿಡಿಯುವವನು ತಮ್ಮ, ನೀರಿನ ಗಿಡ ಕತ್ತರಿಸಿ ಪಳಗಿದ ಕೈ. “ಕತ್ತರಿ ನಿಂದು, ಉಸಿರು ನಂದು,” ಎಂದು ಅಕ್ಕ ಕೆಲಸ ಹಂಚಿದರು. ಹನಿ ಬಿಡುವ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚಿ, “ಉಸಿರು ಕೊಟ್ಟೋನು ನೀನು. ನಾನು ಬರೀ ಎಣಿಸೋಳು,” ಎಂದು ಒಳಗೇ ಅಂದುಕೊಳ್ಳುತ್ತಿದ್ದರು.

ಹಿಂದಿನ ಕೋಣೆಗೆ ಹಸಿರು ಪರದೆ ಬಂತು, ಸ್ಟೂಲು ಬಂತು, ಆಸ್ಪತ್ರೆಯ ನಿಯಮಗಳೆಲ್ಲ ಬಂದವು. ಹಿಂದಿನ ದಿನದಿಂದ ಮೀನು ಬರಿಹೊಟ್ಟೆಯಲ್ಲಿರಬೇಕು. ಮನೆಯವರು ಹೊರಗಿನ ಬೆಂಚಿನ ಮೇಲೆ ಕಾಯಬೇಕು. ಎಲ್ಲಕ್ಕಿಂತ ಮೊದಲು ಹತ್ತಿರದ ಸಂಬಂಧಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು.

“ಅಕ್ಕ, ಮೀನಿಗೆ ಸಂಬಂಧಿ ಅಂದ್ರೆ ಯಾರು?” ಎಂದು ತಮ್ಮ ತಲೆ ಚಚ್ಚಿಕೊಂಡ.

“ಅದು ಎದ್ದೇಳದೇ ಇದ್ರೆ ಯಾರಿಗೆ ಊಟ ಸೇರಲ್ವೋ ಅವರು.”

ಗಿರಾಕಿಗಳು ಮೊದಮೊದಲು ನಕ್ಕರು. ಬರಬರುತ್ತಾ, ಸಹಿ ಹಾಕುವ ಮುಂಚೆ ಪತ್ರವನ್ನು ಎರಡೆರಡು ಸಲ ಓದಿದವರೇ ಹೆಚ್ಚು.

ಒಂದು ದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರು ಒಂದೇ ಬಕೆಟ್ಟಿನ ಹಿಡಿಯನ್ನು ಎರಡು ಕಡೆಯಿಂದ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದರು. ಆತ ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಆಕೆ ಬಟ್ಟೆ ಹೊಲಿಯುವ ಟೈಲರಮ್ಮ, ಸೆರಗಿನಲ್ಲಿ ಎರಡು ಗುಂಡುಪಿನ್ನು ಚುಚ್ಚಿಕೊಂಡೇ ಬಂದಿದ್ದರು. ಬಕೆಟ್ಟಿನಲ್ಲಿ ಅಂಗೈಗಿಂತ ದೊಡ್ಡ ಗೋಲ್ಡ್‌ಫಿಶ್, ಅದರ ಎಡಗಣ್ಣಿನ ಮೇಲೆ ಕಡಲೆಬೀಜದ ಗಾತ್ರದ ಗಂಟು.

“ಕಂಡಕ್ಟರ್, ಮೆಟ್ಲಿದೆ, ನಿಧಾನ ಹತ್ತೋಕೆ ಹೇಳು ಅವರಿಗೆ,” ಅಂದರು ಟೈಲರಮ್ಮ, ಬಕೆಟ್ಟಿನೊಳಗೆ ನೋಡುತ್ತಾ.

“ಕಂಡಕ್ಟರ್, ಮೂವತ್ತು ವರ್ಷ ಬಸ್ ಓಡ್ಸಿದೋನಿಗೆ ಮೆಟ್ಲು ಕಾಣತ್ತೆ ಅಂತ ಹೇಳು,” ಅಂದರು ಡ್ರೈವರ್, ಅವರೂ ಬಕೆಟ್ಟಿನೊಳಗೇ ನೋಡುತ್ತಾ.

ಲವಂಗದಕ್ಕ ಇಬ್ಬರನ್ನೂ ಕೂರಿಸಿ, ಮಾತಿಗೆ ಮಾತು ಸೇರಿಸದೆ ಕೇಳಿದರು. ಹನ್ನೊಂದು ವರ್ಷದ ಹಿಂದೆ ಟೈಲರಮ್ಮ ರಿಪೇರಿಯಾದ ಹೊಲಿಗೆ ಯಂತ್ರದ ತಲೆಯನ್ನು ಎದೆಗವುಚಿಕೊಂಡು ಬಸ್ಸಿಗೆ ಕಾಯುತ್ತಿದ್ದರಂತೆ. ಬಂದದ್ದು ಗಂಡನ ಬಸ್ಸೇ. ಆದರೆ ಬಿಸಿಲೆಂದು ಆಕೆ ನಿಂತಿದ್ದದ್ದು ನಿಲ್ದಾಣದ ಬೋರ್ಡಿನಿಂದ ಹನ್ನೆರಡು ಹೆಜ್ಜೆ ಆಚೆ, ಮರದ ಕೆಳಗೆ. ಬಸ್ಸು ನಿಲ್ಲಲಿಲ್ಲ. ಆಕೆ ಆ ಭಾರ ಹೊತ್ತು ಮನೆ ತನಕ ನಡೆದು ಬಂದು, ಇನ್ನು ಈ ಮನುಷ್ಯನ ಜೊತೆ ಮಾತಿಲ್ಲ ಅಂದರು. “ನಾನು ನೋಡಲಿಲ್ಲ,” ಎಂದರು ಆತ. ಅದು ಅವರು ನೇರವಾಗಿ ಆಡಿದ ಕೊನೆಯ ಮಾತು. ಮನೆ ಬಿಕೋ ಅನ್ನುತ್ತದೆ ಎಂದು ಮಗಳು ಒಂದು ಮೀನು ತಂದಿಟ್ಟು ಗಂಡನ ಮನೆಗೆ ಹೋದಳು. ಎರಡನೆಯ ದಿನ ಟೈಲರಮ್ಮ ಮೀನಿಗೆ, “ಊಟ ಬಡಿಸಿದೆ ಅಂತ ಹೇಳು,” ಅಂದರು. ಡ್ರೈವರ್ ಮೀನಿಗೆ, “ಬರ್ತೀನಿ ಅಂತ ಹೇಳು,” ಅಂದರು. ಬಸ್ಸಿನಲ್ಲಿ ಪ್ರಯಾಣಿಕರ ಮಾತನ್ನು ಡ್ರೈವರಿಗೆ ಮುಟ್ಟಿಸುವವನು ಕಂಡಕ್ಟರ್. ಹಾಗಾಗಿ ಮೀನಿಗೆ ಆ ಹೆಸರು ನಿಂತಿತು. ಮಗಳ ಬಾಣಂತನ, ಮನೆಗೆ ಸುಣ್ಣ, ಡ್ರೈವರರ ಕಣ್ಣಿನ ಪೊರೆ, ಎಲ್ಲವೂ ಕಂಡಕ್ಟರ್ ಮೂಲಕವೇ ತೀರ್ಮಾನವಾದವು.

“ಡ್ರೈವರ್ ಜೊತೆ ಮಾತಾಡ್ಬೇಡಿ ಅಂತ ಬಸ್ಸಲ್ಲಿ ಬೋರ್ಡ್ ಇರತ್ತಲ್ಲ, ಇವರು ಅದನ್ನ ಮನೆಗೂ ತಂದ್ರು,” ಅಂದರು ಟೈಲರಮ್ಮ.

ಈಗ ಕಷ್ಟವೆಂದರೆ, ಗಂಟು ಬೆಳೆದು ಎಡಗಣ್ಣು ಮುಚ್ಚಿದ ಮೇಲೆ ಮೀನು ಬಲಗಡೆಗೆ ಮಾತ್ರ ತಿರುಗುತ್ತಿತ್ತು. ಬಲಗಡೆ ಡ್ರೈವರರ ಕುರ್ಚಿ. ಟೈಲರಮ್ಮನ ಮಾತು ಅದಕ್ಕೆ ತಲುಪುತ್ತಿದೆಯೋ ಇಲ್ಲವೋ ಎಂಬ ಅನುಮಾನದಲ್ಲಿ ಮನೆಯಲ್ಲಿ ಎರಡು ತಿಂಗಳಿಂದ ಯಾವ ತೀರ್ಮಾನವೂ ಆಗಿರಲಿಲ್ಲ.

“ನಿಮ್ಮ ಕುರ್ಚಿಗಳನ್ನ ಅದಲು ಬದಲು ಮಾಡ್ಬಹುದಿತ್ತಲ್ಲ?” ಎಂದ ತಮ್ಮ.

“ಅದನ್ನ ಯಾರು ಯಾರಿಗೆ ಹೇಳ್ಬೇಕು?” ಅಂದರು ಡ್ರೈವರ್.

ಒಪ್ಪಿಗೆ ಪತ್ರದಲ್ಲಿ ರೋಗಿಯ ಹೆಸರು ಕಂಡಕ್ಟರ್ ಎಂದು ಬರೆದಾಯಿತು. ರೋಗಿಯೊಂದಿಗೆ ಸಂಬಂಧ ಎಂಬಲ್ಲಿ ಡ್ರೈವರ್ ‘ಸಹೋದ್ಯೋಗಿ’ ಎಂದು ಬರೆದರು. ಟೈಲರಮ್ಮ ಬಹಳ ಹೊತ್ತು ಪೆನ್ನು ಹಿಡಿದು ಕೂತು ‘ಅನ್ನ ಹಾಕುವವಳು’ ಎಂದು ಬರೆದರು. ಇಬ್ಬರೂ ಸಹಿ ಮಾಡುವ ಮುಂಚೆ ಲವಂಗದಕ್ಕ ಹೇಳಬೇಕಾದ್ದನ್ನು ಹೇಳಿದರು: ವಯಸ್ಸಾದ ಮೀನು, ಮತ್ತಿನಿಂದ ಏಳದೇ ಇರುವ ಸಾಧ್ಯತೆಯೂ ಇದೆ.

ಟೈಲರಮ್ಮ ಬಕೆಟ್ಟಿನ ಕಡೆ ಬಗ್ಗಿದರು. “ಕಂಡಕ್ಟರ್, ನೀನು ಏಳದೇ ಹೋದ್ರೆ ಆ ಮನೆಯಲ್ಲಿ ಮಾತು ಅನ್ನೋದೇ ಮುಗೀತು ಅಂತ ಅವರಿಗೆ ಗೊತ್ತಿರ್ಲಿ.”

“ಗೊತ್ತಿದೆ ಅಂತ ಹೇಳು,” ಅಂದರು ಡ್ರೈವರ್. ಇಬ್ಬರೂ ಸಹಿ ಹಾಕಿದರು.

ನಿಯಮಗಳನ್ನು ಮೊದಲೇ ಕೇಳಿ ತಿಳಿದಿದ್ದ ಅವರು ಮೀನನ್ನು ಬರಿಹೊಟ್ಟೆಯಲ್ಲಿಟ್ಟು, ಮನೆಯ ತೊಟ್ಟಿಯದೇ ನೀರನ್ನು ಕ್ಯಾನಿನಲ್ಲಿ ತಂದಿದ್ದರು. ಒಂದು ಟಬ್ಬಿನಲ್ಲಿ ಮತ್ತಿನ ನೀರು, ಇನ್ನೊಂದರಲ್ಲಿ ಎಚ್ಚರದ ನೀರು. ಪರದೆ ಎಳೆದರು. ಹೊರಗೆ ಬೆಂಚಿನ ಮೇಲೆ ಗಂಡ ಹೆಂಡತಿ, ನಡುವೆ ಖಾಲಿ ಬಕೆಟ್ಟು.

ಸ್ವಲ್ಪ ಹೊತ್ತಿಗೆ ಡ್ರೈವರಿಗೆ ನೀರಡಿಕೆಯಾಯಿತು. ನೀರಿನ ಬಾಟಲಿ ಟೈಲರಮ್ಮನ ಚೀಲದಲ್ಲಿತ್ತು. ಡ್ರೈವರ್ ಅಭ್ಯಾಸಬಲದಿಂದ ಬಕೆಟ್ಟಿನ ಕಡೆ ತಿರುಗಿ ಬಾಯಿ ತೆರೆದರು, ಮುಚ್ಚಿದರು. ಎದುರಿನ ತೊಟ್ಟಿಯಲ್ಲಿ ಒಂದು ನೀಲಿ ಮೀನು ಸುಮ್ಮನೆ ನಿಂತಿತ್ತು. ಕೆಮ್ಮಿ, ಅದಕ್ಕೆ ಹೇಳಿದರು: “ನೋಡಪ್ಪ, ನೀರು ಬೇಕಿತ್ತು.”

ಟೈಲರಮ್ಮ ಇನ್ನೊಂದು ತೊಟ್ಟಿಯ ಆಮೆಯ ಕಡೆ ತಿರುಗಿದರು. “ಕಂಡೋರ ಮೀನಿಗೆಲ್ಲ ನಮ್ಮನೆ ವಿಷಯ ಹೇಳ್ಬಾರ್ದು ಅಂತ ಹೇಳಪ್ಪ ಅವರಿಗೆ.” ಆಮೆ ತಲೆ ಒಳಗೆಳೆದುಕೊಂಡಿತು. ಬಾಟಲಿ ಮಾತ್ರ ಚೀಲದಿಂದ ಹೊರಬಂದು ಬಕೆಟ್ಟಿನೊಳಗೆ ನಿಂತಿತು. ಡ್ರೈವರ್ ಅದನ್ನು ಅಲ್ಲಿಂದ ತೆಗೆದುಕೊಂಡು ಕುಡಿದರು.

ಒಳಗೆ ಗಂಟು ತೆಗೆಯುವುದು ಒಂದೂವರೆ ನಿಮಿಷದ ಕೆಲಸ. ಅದು ಸರಿಯಾಗಿಯೇ ಆಯಿತು. ಗಂಟಿನ ಕೆಳಗೆ ಕಣ್ಣು ನಿರ್ಮಲವಾಗಿತ್ತು. ಆದರೆ ಎಚ್ಚರದ ನೀರಿಗೆ ಹಾಕಿದ ಮೇಲೆ ಕಂಡಕ್ಟರ್ ಏಳಲಿಲ್ಲ. ಲವಂಗದಕ್ಕ ಅದನ್ನು ಎರಡು ಅಂಗೈಗಳ ನಡುವೆ ನೆಟ್ಟಗೆ ಹಿಡಿದು ಮುಂದಕ್ಕೆ ನಡೆಸುತ್ತಿದ್ದರು. ಪಂಪಿನ ಪೈಪನ್ನು ಅದರ ಬಾಯಿಗೆ ಎರಡೂ ಕೈಯಿಂದ ಹಿಡಿದಿದ್ದವನು ತಮ್ಮ. ಕಿವಿರು ಎಷ್ಟು ಸಲ ಆಡಿತು ಎಂದು ಎಣಿಸುತ್ತಲೇ ಬೆನ್ನ ಹಿಂದಿನ ಗಡಿಯಾರ ನೋಡಲು ಲವಂಗದಕ್ಕನಿಂದ ಆಗಲಿಲ್ಲ.

“ಯಾರಾದ್ರೂ ಒಬ್ರು ಬನ್ನಿ. ಕಿವಿರು ಎಣಿಸ್ಬೇಕು, ನಿಮಿಷಕ್ಕೆ ಎಷ್ಟು ಅಂತ.”

ಇಬ್ಬರೂ ಬಂದರು. ಟೈಲರಮ್ಮ ಸೂಜಿಗೆ ದಾರ ಪೋಣಿಸುವ ಕಣ್ಣಿನವರು, ಟಬ್ಬಿನ ಮೇಲೆ ಬಗ್ಗಿದರು. ಗೋಡೆಯ ಗಡಿಯಾರ ಅವರಿಗೆ ಬರೀ ಬಿಳಿ ವೃತ್ತ. ಡ್ರೈವರಿಗೆ ದೂರದ್ದು ಎಲ್ಲ ಸ್ಪಷ್ಟ, ಹತ್ತಿರದ ಮೀನು ಮಾತ್ರ ಕಿತ್ತಳೆ ಮಬ್ಬು.

“ಶುರು,” ಅಂದರು ಡ್ರೈವರ್.

“ಒಂದು,” ಅಂದರು ಟೈಲರಮ್ಮ. ಪಂಪು ಗೊರಗುಟ್ಟಿತು. ಬಹಳ ಹೊತ್ತಾಯಿತು. “ಆಯ್ತಾ ನಿಮಿಷ?”

“ಇನ್ನೂ ಇಪ್ಪತ್ತು ಸೆಕೆಂಡಿದೆ. ನೀನು ಕಣ್ಣು ತೆಗೀಬೇಡ.”

ತಮ್ಮನ ಕೈಯಲ್ಲಿ ಪೈಪು ಅಲುಗಿತು. ಲವಂಗದಕ್ಕ ಕಣ್ಣಿನಲ್ಲೇ ಗದರಿದರು. ಮಾತಾಡಿದ ಇಬ್ಬರಿಗೆ ಮಾತ್ರ ಏನಾಯಿತೆಂಬುದರ ಅರಿವೇ ಇರಲಿಲ್ಲ.

“ಎರಡು. ಎರಡೇ.”

“ನಿಮಿಷ. ಮತ್ತೆ ಶುರು.”

“ನಿಮ್ಮ ನಿಮಿಷ ಯಾವಾಗ್ಲೂ ಉದ್ದ. ಕಾಯೋರಿಗೆ ಗೊತ್ತು. ಒಂದು.”

“ಬಿಸಿಲಲ್ಲಿ ಗಾಡಿ ಓಡ್ಸೋರಿಗೂ ಗೊತ್ತು.”

“ಹನ್ನೆರಡು ಹೆಜ್ಜೆ. ಬ್ರೇಕ್ ಹಾಕಿದ್ರೆ ಬಸ್ಸು ಸವೆದುಹೋಗ್ತಿತ್ತಾ? ಎರಡು.”

“ನಿಲ್ದಾಣ ಬಿಟ್ಟು ನಿಲ್ಲಿಸೋ ಹಾಗಿಲ್ಲ. ಹೆಂಡ್ತಿ ಅಂತ ನಿಲ್ಲಿಸಿದ್ರೆ ನಾಳೆ ಎಲ್ಲರ ಹೆಂಡ್ತೀರೂ ಮರದ ಕೆಳಗೆ ನಿಲ್ತಾರೆ.”

“ಹಂಗಾದ್ರೆ ನೋಡಿದ್ರಿ.”

ಗಡಿಯಾರದ ಸೆಕೆಂಡಿನ ಮುಳ್ಳು ಕಾಲು ಸುತ್ತು ಹೋಯಿತು. “ನೋಡಿದ್ದೆ,” ಅಂದರು ಡ್ರೈವರ್. “ಕೈನೂ ಎತ್ತಿದ್ದೆ.”

“ಮೂರು. ಎತ್ತಿದ್ದು ಕಂಡಿತ್ತು. ಬಸ್ಸು ನಿಲ್ಸಲಿಲ್ಲ ಅಂತ ಅಲ್ಲ ನನ್ನ ಕೋಪ. ನಾನು ಅಷ್ಟು ಭಾರ ಹೊತ್ಕೊಂಡು ನಿಂತಿದೀನಿ, ನೀವು ಯಾರೋ ಪರಿಚಯದೋರಿಗೆ ಬೀಸೋ ಹಾಗೆ ಕೈ ಬೀಸ್ಕೊಂಡು ಹೋದ್ರಿ. ನಾಲ್ಕು, ಐದು.”

“ನಿಮಿಷ. ಐದು ಬಂತು, ಪರವಾಗಿಲ್ಲ. ಮತ್ತೆ ಹೇಗೆ ಬೀಸ್ಬೇಕಿತ್ತು?”

“ಬೀಸ್ಲೇಬಾರ್ದಿತ್ತು.”

“ಸರಿ.”

“ಸರಿ ಅಂದ್ರೆ?”

“ತಪ್ಪಾಯ್ತು ಅಂತ. ಗಡಿಯಾರ ನೋಡ್ತಾ ಹೇಳ್ತಿದೀನಿ, ಬೇರೆ ಥರ ಹೇಳೋಕೆ ನಂಗೆ ಬರಲ್ಲ.”

ಟೈಲರಮ್ಮ ಟಬ್ಬಿನ ಮೇಲೆ ಇನ್ನಷ್ಟು ಬಗ್ಗಿದರು. ಎಣಿಸುತ್ತಿದ್ದರು. “ಎಂಟು, ಒಂಬತ್ತು, ಹತ್ತು... ಅಕ್ಕ, ಬೇಗ ಬೇಗ ಆಗ್ತಿದೆ, ನಂಗೆ ಲೆಕ್ಕ ಸಿಗ್ತಿಲ್ಲ.” ಅಷ್ಟರಲ್ಲಿ ಕಂಡಕ್ಟರ್ ಲವಂಗದಕ್ಕನ ಕೈಯಿಂದ ಜಾರಿ, ಟಬ್ಬಿನಲ್ಲಿ ಓರೆಯಾಗಿ ಒಂದು ಸುತ್ತು ಹಾಕಿ, ಬಾಲ ಬಡಿದು ನಾಲ್ವರ ಮುಖಕ್ಕೂ ನೀರು ಎರಚಿತು.

ಮುಖ ಒರೆಸಿಕೊಳ್ಳುವಾಗ ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ಏನು ಮಾಡಿದೆವು ಎಂಬುದು ಆಗ ಹೊಳೆಯಿತು. ಹುಡುಗರು ಹೂಕುಂಡ ಒಡೆದಾಗ ನಿಲ್ಲುವ ಹಾಗೆ ನಿಂತರು. ಟೈಲರಮ್ಮ ಲವಂಗದಕ್ಕನ ತೋಳು ಹಿಡಿದು ಪರದೆಯ ಆಚೆ ಕರೆದೊಯ್ದರು. ಡ್ರೈವರ್ ಹಿಂದೆಯೇ ಬಂದರು.

“ಅಕ್ಕ, ಅದಕ್ಕೆ ಗೊತ್ತಾಗೋದು ಬೇಡ.”

“ಯಾವುದಕ್ಕೆ?”

“ಕಂಡಕ್ಟರಿಗೆ. ನಾವು ಮಾತಾಡಿದ್ದು.”

“ಎದ್ದ ರೋಗಿಗೆ ಎಲ್ಲಾ ಹೇಳ್ಬೇಕು. ಮುಚ್ಚಿಡೋ ಹಾಗಿಲ್ಲ,” ಅಂದರು ಲವಂಗದಕ್ಕ. “ಮೂವತ್ತೊಂದು ವರ್ಷದಲ್ಲಿ ನಾನು ಒಂದು ಸಲಾನೂ ಮುಚ್ಚಿಟ್ಟಿಲ್ಲ.”

“ಹನ್ನೊಂದು ವರ್ಷ ಒಂದು ದಿನ ರಜಾ ಇಲ್ದೆ ಮಾಡಿದ ಕೆಲಸ ಅಕ್ಕ. ತಾನು ಮಲಗಿದ್ದಾಗ ತಾನಿಲ್ದೇನೂ ಎಲ್ಲಾ ನಡೀತು ಅಂತ ಗೊತ್ತಾದ್ರೆ ಅದು ಮನಸ್ಸಿಗೆ ಹಚ್ಕೊಳಲ್ವಾ? ಅದಕ್ಕೆ ವಯಸ್ಸು ಬೇರೆ ಆಗಿದೆ.”

“ಕೆಲಸದಿಂದ ತೆಗೆದ ಹಾಗೆ ಆಗತ್ತೆ,” ಅಂದರು ಡ್ರೈವರ್. “ನಾನು ಕೊನೇ ಟ್ರಿಪ್ ಮುಗಿಸಿ ಬಂದ ಮರುದಿನ ಅದೇ ಬಸ್ಸು ಅದೇ ಟೈಮಿಗೆ ಮನೆ ಮುಂದೆ ಹೋಯ್ತು. ಅದು ಹೇಗಿರತ್ತೆ ಅಂತ ನಂಗೊತ್ತು.”

ಲವಂಗದಕ್ಕ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ಟಬ್ಬಿನಲ್ಲಿ ಕಂಡಕ್ಟರ್ ಈಗ ಎರಡೂ ಕಣ್ಣಿನಿಂದ ಅವರನ್ನೇ ನೋಡುತ್ತಿತ್ತು. ಪೈಪು ಸುತ್ತಿಡುತ್ತಾ ತಮ್ಮ ಕಿವಿಗೊಟ್ಟು ನಿಂತ. ಅವರು ಒಂದು ಗಳಿಗೆ ಕಣ್ಣು ಮುಚ್ಚಿದರು. ಈ ಸಲ ಏನು ಅಂದುಕೊಂಡರೋ ದೇವರಿಗೇ ಗೊತ್ತು.

“ಟಬ್ಬಿನಲ್ಲಿ ಇದ್ದೀಯ,” ಅಂದರು. “ಗಂಟು ತೆಗೆದಾಯ್ತು. ಹೊರಗೆ ನಿನ್ನವರಿಬ್ಬರೂ ಕಾಯ್ತಿದ್ದಾರೆ.” ಇನ್ನೊಂದು ಮಾತು ಸೇರಿಸಿದರು: “ನೀನಿಲ್ದೆ ತುಂಬಾ ಕಷ್ಟ ಆಯ್ತು ಅವರಿಗೆ.”

ಮೊದಲಿನ ಮೂರು ನಿಜ. ನಾಲ್ಕನೆಯದು ಅರ್ಧ.

ಗಂಡ ಹೆಂಡತಿ ಬಕೆಟ್ಟನ್ನು ಎರಡೂ ಕಡೆ ಹಿಡಿದು ಹೊರಟರು. “ಕಂಡಕ್ಟರ್, ಮೆಟ್ಲಿದೆ ಅಂತ ಹೇಳು,” ಎಂಬುದು ಕೇಳಿಸಿತು. “ಕಾಣತ್ತೆ ಅಂತ ಹೇಳು,” ಎಂಬುದೂ ಕೇಳಿಸಿತು.

ಈ ಸಂಗತಿ ಊರಿಗೆಲ್ಲ ಗೊತ್ತಾದದ್ದು ತಮ್ಮನಿಂದ. ಅಕ್ಕ ಗದರಿದಾಗ ಆತ, “ಅವರು ಮೀನಿಗೆ ಹೇಳ್ಬೇಡಿ ಅಂದ್ರು, ಜನರಿಗೆ ಹೇಳ್ಬೇಡಿ ಅನ್ನಲಿಲ್ಲ,” ಎಂದು ವಾದಿಸಿದ. ಆದರೂ ಊರಿನವರು ಒಂದು ಮರ್ಯಾದೆ ಇಟ್ಟುಕೊಂಡರು. ಆ ಮನೆಗೆ ಹೋದವರು ಯಾರೂ ಗಾಜಿನ ತೊಟ್ಟಿಯ ಎದುರಿಗೆ ಈ ಮಾತು ಎತ್ತುವುದಿಲ್ಲ.

ಮನೆಯಲ್ಲಿ ಎಲ್ಲವೂ ಇವತ್ತಿಗೂ ಕಂಡಕ್ಟರ್ ಮೂಲಕವೇ ನಡೆಯುತ್ತದೆ. ಸಂಜೆ ಐದಕ್ಕೆ ಡ್ರೈವರ್, “ಕಂಡಕ್ಟರ್, ಸ್ವಲ್ಪ ಗಾಳಿಗೆ ಹೋಗ್ಬರ್ತೀನಿ ಅಂತ ಹೇಳು,” ಎಂದು ಹೊರಡುತ್ತಾರೆ. ಹತ್ತು ನಿಮಿಷ ಬಿಟ್ಟು ಟೈಲರಮ್ಮ, “ದಾರದ ಉಂಡೆ ತರ್ಬೇಕು, ಯಾರಾದ್ರೂ ಕೇಳಿದ್ರೆ ಹೇಳು,” ಎಂದು ಹೊರಡುತ್ತಾರೆ. ಲವಂಗದಕ್ಕ ಅಂಗಡಿಯಿಂದ ಮನೆಗೆ ಹೋಗುವ ದಾರಿಯಲ್ಲಿ ಅವರನ್ನು ಆಗಾಗ ಕಾಣುತ್ತಾರೆ. ನಿಲ್ದಾಣದ ಬೋರ್ಡಿನ ಕೆಳಗೆ, ಸರಿಯಾಗಿ ಬೋರ್ಡಿನ ಕೆಳಗೇ, ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತು ಮಾತಾಡುತ್ತಿರುತ್ತಾರೆ. ಹನ್ನೊಂದು ವರ್ಷದ ಬಾಕಿ ಮಾತು, ಬೇಗ ಮುಗಿಯುವುದಲ್ಲ.

ಬಸ್ಸು ಬರುತ್ತದೆ. ನಿಯಮದ ಪ್ರಕಾರ ಅವರಿಗಾಗಿ ನಿಲ್ಲುತ್ತದೆ. ಟೈಲರಮ್ಮ ಮಾತು ನಿಲ್ಲಿಸದೆ, ಆ ಕಡೆ ನೋಡದೆಯೂ, ಪರಿಚಯದವರಿಗೆ ಬೀಸುವ ಹಾಗೆ ಕೈ ಬೀಸಿ ಅದನ್ನು ಮುಂದಕ್ಕೆ ಕಳಿಸುತ್ತಾರೆ.